ನೂರಿಪ್ಪತ್ತು ವರ್ಷದ ಬಾಗಿಲು ಒಂದು ಮಳೆಗಾಲ ತಡೆಯಲಿಲ್ಲ

ತೀರ್ಥಹಳ್ಳಿ ಕಡೆಯ ನಮ್ಮ ತೊಟ್ಟಿಮನೆಯ ಹೆಬ್ಬಾಗಿಲನ್ನು ಗೆದ್ದಲು ತಿಂದು ಮುಗಿಸಿದಾಗ, ಹಳೆಯ ಕಾಲದ್ದೇ ಬೇಕೆಂದು ಹಟ ಹಿಡಿದವನು ನಾನೇ. ಬೆಂಗಳೂರಿನ ಹೊರವಲಯದ ಒಂದು ಮಳಿಗೆಯಲ್ಲಿ, ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಕೆಡವಿದ ಮನೆಯದೆಂದು ತೋರಿಸಿದ ಬಾಗಿಲಿಗೆ 1,40,000 ರೂಪಾಯಿ ಎಣಿಸಿದೆ. ನೂರಿಪ್ಪತ್ತು ವರ್ಷದ ಬರ್ಮಾ ತೇಗವಂತೆ. ಅಲ್ಲಿನ ವರ್ತಕರಾದ ಚೆಟ್ಟಿಯಾರರ ಮನೆಗಳಿಗೆ ಬರ್ಮಾ ತೇಗ ಬರುತ್ತಿದ್ದುದೂ, ಅದೇ ಸೀಮೆಯ ಕಾರೈಕುಡಿ ಪಟ್ಟಣದಲ್ಲಿ ಹಳೆಯ ಬಾಗಿಲು, ಕಂಬ ಮಾರುವ ಅಂಗಡಿಗಳಿರುವುದೂ ನಿಜ. ಆ ನಿಜವೇ ನನ್ನನ್ನು ಕೆಡಿಸಿತು.

ಕೂರಿಸಿದ್ದು ಏಪ್ರಿಲ್‌ನಲ್ಲಿ. ಜೂನ್ ಮಳೆ ಹಿಡಿದ ಎರಡೇ ವಾರಕ್ಕೆ ಕದಗಳು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡವು. ಒಂದು ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕಲು ಹೋದ ಅಮ್ಮ ಅಂಗೈಯಲ್ಲಿ ಏನನ್ನೋ ಹಿಡಿದು ಒಳಗೆ ಬಂದರು. ಮೇಲಿನ ಗಜಲಕ್ಷ್ಮಿಯ ಎಡಗಡೆ ಆನೆಯ ಸೊಂಡಿಲು! ಮುರಿದ ಜಾಗದಲ್ಲಿ ಮರದ ಎಳೆಯೇ ಇಲ್ಲ. ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದರು. ತಿಕ್ಕಿದರೆ ಹುರಿಗಡಲೆ ಪುಡಿಯಂತೆ ಉದುರುತ್ತಿತ್ತು.

ನಮ್ಮೂರಿನ ಆಚಾರಿ ಬಂದು ಕದ ಇಳಿಸಿದರು. ಕಿಲುಬು ಹಿಡಿಸಿದ ಹಿತ್ತಾಳೆ ಪಟ್ಟಿಯ ಅಡಿಯಲ್ಲಿ ಪ್ಲಸ್ ತಲೆಯ ಸ್ಕ್ರೂ. ಆ ಸ್ಕ್ರೂ ಅಮೆರಿಕದಲ್ಲೇ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಕದದ ಅಡಿಯಂಚಿಗೆ ಪಾಲಿಶ್ ಕೂಡ ಮುಟ್ಟಿರಲಿಲ್ಲ: ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇಲ್ಲದ ಬೆಳ್ಳನೆಯ ಮರ, ಅದರಲ್ಲಿ ಆಗಲೇ ಹುಳು ಕೊರೆದ ತೂತುಗಳು. "ಹಳೆಯ ಬಾಗಿಲು ಕೈಕಾಲು ತಾಗುವಲ್ಲಿ ಸವೆಯುತ್ತದೆ. ಅಗುಳಿಯ ಸುತ್ತ, ಹೊಸ್ತಿಲಿನ ನಡುವೆ. ಇದು ಮೇಲಿನಿಂದ ಕೆಳಗಿನವರೆಗೆ ಒಂದೇ ದಿನ ಮುದುಕಾಗಿದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹಣ ವಾಪಸ್ ಕೇಳಿದರೆ ಮಳಿಗೆಯವರು ಬಿಲ್ ನೋಡಿಕೊಳ್ಳಿ ಎಂದರು. ನೋಡಿದೆ. 'ಮರದ ಬಾಗಿಲು – 1.' ತೇಗವೆಂದಾಗಲಿ ಹಳೆಯದೆಂದಾಗಲಿ ಒಂದಕ್ಷರವಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದು ವಕೀಲರಿಗೆ ತೋರಿಸಿದರೆ, ಅವರೂ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಸುಮ್ಮನಾದರು.

ಕೊಳ್ಳುವ ಮನಸ್ಸಿದ್ದರೆ ಬಾಗಿಲನ್ನು ಮಲಗಿಸಿ ಅಡಿಯಂಚು ನೋಡಿ. ಒಂದು ಪಟ್ಟಿಯನ್ನಾದರೂ ಬಿಚ್ಚಿಸಿ. ಕೆತ್ತನೆಯ ಹಿಂಬದಿಗೆ ಉಗುರು ಹಾಕಿ. ಮರದ ಜಾತಿ, ವಯಸ್ಸು ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯಲು ತಡವರಿಸಿದರೆ ಅಲ್ಲಿಂದಲೇ ಬಸ್ ಹತ್ತಿ. ಪರಿಚಯದ ಆಚಾರಿಯೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರ ಒಂದು ದಿನದ ಕೂಲಿ ಉಳಿಸಲು ಹೋಗಿ ನಾನು ಕಳೆದುಕೊಂಡದ್ದನ್ನು ಮೇಲೆಯೇ ಬರೆದಿದ್ದೇನೆ.

ಈಗ ಕೊಟ್ಟಿಗೆಯ ಅಟ್ಟದಲ್ಲಿ ನಮ್ಮ ಹಿತ್ತಲಿನದೇ ಹಲಸಿನ ಹಲಗೆಗಳು ಒಣಗುತ್ತಿವೆ. ಬರುವ ಬೇಸಿಗೆಯವರೆಗೆ ಹೆಬ್ಬಾಗಿಲಿಗೆ ನೀಲಿ ಟಾರ್ಪಾಲು.