ಮಂಗಳೂರಿನ ಬಾಸೆಲ್ ಮಿಶನ್ ವಾಕ್: ಆಯೋಜಕರಿಗೆ ಎರಡು ಸ್ಟಾರ್, ಟೀಚರಿಗೆ ಐದು

ಬಾಸೆಲ್ ಮಿಶನ್ ಅಂದ್ರೆ ಸ್ವಿಟ್ಜರ್‌ಲ್ಯಾಂಡಿಂದ ಬಂದ ಪ್ರೊಟೆಸ್ಟೆಂಟ್ ಕ್ರೈಸ್ತ ಮಿಶನರಿ ಸಂಸ್ಥೆ, ಅವರ ಹಳೇ ಜಾಗಗಳನ್ನು ತೋರಿಸುವ ಈ ವಾಕ್ ನಡೆಸುವವರ ಹೆಸರು ಹಾಕುದಿಲ್ಲ, ಯಾಕಂದ್ರೆ ಬೈಲಿಕ್ಕೆ ಸುಮಾರು ಉಂಟು, ಸಣ್ಣ ಪ್ರಾಯದ ಹುಡುಗರು, ಈಗಷ್ಟೇ ಶುರು ಮಾಡಿದ್ದಾರೆ ಪಾಪ. ಬಲ್ಮಠದಿಂದ ಶುರುವಾಗಿ ಜೆಪ್ಪುವಿನಲ್ಲಿ ಮುಗೀತದೆ, ತಲೆಗೆ ಐನೂರು ರೂಪಾಯಿ, ಅದರಲ್ಲಿ ತಿಂಡಿ ಮತ್ತೆ ಜೆಪ್ಪುವಿಗೆ ಹೋಗುವ ಟೆಂಪೋ ಸೇರಿ. ಪೋಸ್ಟರಲ್ಲಿ ಹಾಕಿದ್ದು "ಹೆಂಚು, ಪತ್ರಿಕೆ, ನಿಘಂಟು" ಅಂತ. ಮೂರೂ ಮಂಗಳೂರಿನ ಮಕ್ಕಳಿಗೆ ಶಾಲೆಯಲ್ಲೇ ಬಾಯಿಪಾಠ ಆಗಿರ್ತದೆ, ಹೊಸದು ಎಂತ ಹೇಳ್ತಾರೆ ನೋಡುವ ಅಂತ ಹೋದದ್ದು.

ಮೊದಲು ಬೈಗುಳ ಮುಗಿಸ್ತೇನೆ. ಭಾನುವಾರ ಬೆಳಿಗ್ಗೆ ಇಟ್ಟಿದ್ದಾರೆ ಮಾರಾಯ್ರೆ, ಚರ್ಚ್ ನೋಡುವ ವಾಕನ್ನು! ಶಾಂತಿ ಕೆಥೆಡ್ರಲ್ ಹತ್ರ ಬರುವಾಗ ಒಳಗೆ ಆರಾಧನೆ ನಡೀತಾ ಉಂಟು, ನಾವು ಕ್ಯಾಮೆರಾ ಹಿಡ್ಕೊಂಡು ಹೊರಗೆ ಕಳ್ಳರ ಹಾಗೆ ನಿಂತದ್ದು. ಆಮೇಲೆ ಥಿಯಾಲಜಿಕಲ್ ಕಾಲೇಜಿನ ಆರ್ಕೈವ್ಸ್ ತೋರಿಸ್ತೇವೆ ಅಂತ ಪೋಸ್ಟರಲ್ಲಿ ಉಂಟು, ಆದ್ರೆ ಇವರು ಮೊದಲೇ ಪರ್ಮಿಶನ್ ತೆಗೊಳ್ಲೇ ಇಲ್ಲ, ರಜೆ ದಿನ ಯಾರು ಬಾಗಿಲು ತೆಗೀತಾರೆ ಹೇಳಿ. ಹಳೇ ಪುಸ್ತಕ ನೋಡ್ಲಿಕ್ಕೆ ಅಂತಲೇ ಬಂದ ಇಬ್ಬರು ಪಿಎಚ್‌ಡಿ ಹುಡುಗಿಯರು ಅಲ್ಲೇ ವಾಪಸ್ ಹೋದ್ರು. ಮೈಕ್ ಇಲ್ಲ, ಬಲ್ಮಠದ ಬಸ್ಸುಗಳ ಹಾರ್ನ್ ಮಧ್ಯೆ ಹಿಂದೆ ನಿಂತವರಿಗೆ ಒಂದಕ್ಷರ ಕೇಳ್ಸುದಿಲ್ಲ. ತಿಂಡಿ ಅಂದ್ರೆ ಪ್ಯಾಕೆಟ್ ಕೇಕ್ ಮತ್ತೆ ಟೆಟ್ರಾಪ್ಯಾಕ್ ಜ್ಯೂಸ್. ಮಂಗಳೂರಲ್ಲಿ, ಭಾನುವಾರ ಬೆಳಿಗ್ಗೆ, ಬನ್ಸ್ ಬಿಟ್ಟು ಪ್ಯಾಕೆಟ್ ಕೇಕ್. ಇದಕ್ಕೇ ಅರ್ಧ ಸ್ಟಾರ್ ಕಟ್.

ಮೊದಲ ಗೈಡ್ ಹುಡುಗ ಕೆಟ್ಟವನಲ್ಲ, ತಾರೀಕು ಎಲ್ಲ ಸರಿ ಹೇಳಿದ. 1815ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲಲ್ಲಿ ಮಿಶನ್ ಶುರು, ಬ್ರಿಟಿಷರು 1833ರ ಚಾರ್ಟರ್ ಕಾಯ್ದೆಯಿಂದ ಇಂಡಿಯಾಕ್ಕೆ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ಬಿಟ್ರು, 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂರು ಜನ ಮಂಗಳೂರಿಗೆ ಬಂದ್ರು. 1843 ಜುಲೈ 1ಕ್ಕೆ ಇದೇ ಮಿಶನಿನ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ರು, ಕಲ್ಲಚ್ಚಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕುದು), ಕನ್ನಡದ ಮೊದಲ ಪತ್ರಿಕೆ, ಅದಕ್ಕೇ ಈಗಲೂ ಜುಲೈ 1 ನಮಗೆ ಪತ್ರಿಕಾ ದಿನ. 1865ರಲ್ಲಿ ಮಿಶನಿನವರೇ ಆದ ಪ್ಲೆಬ್ಸ್ಟ್ ನೇತ್ರಾವತಿ ಬದಿಯಲ್ಲಿ ಹೆಂಚಿನ ಕಾರ್ಖಾನೆ. 1894ರಲ್ಲಿ ಕಿಟ್ಟೆಲ್ ಡಿಕ್ಷನರಿ, ಸುಮಾರು 70,000 ಪದ. ಎಲ್ಲ ಸರಿ, ಆದ್ರೆ ಕ್ವಿಜ್‌ಗೆ ರೆಡಿ ಮಾಡಿಸಿದ ಹಾಗೆ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ, ಅರ್ಧ ಜನ ಮೊಬೈಲ್ ನೋಡ್ಲಿಕ್ಕೆ ಶುರು ಮಾಡಿದ್ರು. ಈ ಜನ ಇಲ್ಲಿ ಹೇಗೆ ಬದುಕ್ತಿದ್ರು, ಮನೆಯಲ್ಲಿ ಯಾರಿದ್ರು, ಹೆಂಡ್ತಿ ಮಕ್ಕಳು ಇದ್ರಾ, ಒಂದು ಮಾತೂ ಇಲ್ಲ.

ಆಗ ಬಂದದ್ದು ಟೀಚರ್. ರಿಟೈರ್ಡ್ ಹೈಸ್ಕೂಲ್ ಟೀಚರಂತೆ, ಇವರನ್ನು ಎರಡನೇ ಭಾಗಕ್ಕೆ ಕರ್ದಿದ್ರು. ಹೆಗಲಲ್ಲಿ ಒಂದು ಬಟ್ಟೆ ಚೀಲ, ಕೈಯಲ್ಲಿ ಲ್ಯಾಮಿನೇಟ್ ಮಾಡಿದ ಫೋಟೋಗಳ ಕಟ್ಟು. ನಾವು ಇನ್ನೂ ಚರ್ಚಿನ ಹೊರಗೇ ನಿಂತಿದ್ದೆವು, ಒಳಗಿಂದ ಹಾಡು ಕೇಳ್ತಿತ್ತು, ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು "ಮಾತು ಕನ್ನಡ, ರಾಗ ಜರ್ಮನಿಯದ್ದು, ಗೊತ್ತಾಯ್ತಾ?" ಅಂದ್ರು. ಮೊಬೈಲ್ ನೋಡ್ತಿದ್ದವರೆಲ್ಲ ತಲೆ ಎತ್ತಿದ್ರು. ಮೈಕ್ ಬೇಕಾಗ್ಲೇ ಇಲ್ಲ, ಕ್ಲಾಸಲ್ಲಿ ಪಳಗಿದ ಸ್ವರ ಅಲ್ವಾ.

ನಮ್ಮ ಗುಂಪಲ್ಲಿ ಬೆಂಗಳೂರಿನ ಒಬ್ರು ಅಂಕಲ್ "ಸೈಂಟ್ ಅಲೋಶಿಯಸ್ ಚಾಪೆಲ್ ಕೂಡ ಇವ್ರೇ ಕಟ್ಟಿದ್ದಾ ಮೇಡಂ?" ಅಂತ ಕೇಳಿದ್ರು. ಹೊರಗಿನವರಿಗೆ ಈ ಕನ್ಫ್ಯೂಶನ್ ಯಾವಾಗ್ಲೂ ಉಂಟು. ಟೀಚರ್ ಅದನ್ನೇ ಹಿಡ್ಕೊಂಡ್ರು. "ಇಲ್ಲ ಸರ್, ಅವರು ಕೆಥೋಲಿಕರು, ಇಟಲಿಯ ಜೆಸುಯಿಟ್ ಫಾದರ್‌ಗಳು, 1878ರ ಕೊನೆಗೆ ಬಂದದ್ದು, ಮದುವೆ ಇಲ್ಲ. ಇವರು ಪ್ರೊಟೆಸ್ಟೆಂಟರು, ಸಂಸಾರ ಕಟ್ಕೊಂಡು ಬದುಕಿದವರು, ಅದೇ ದೊಡ್ಡ ವ್ಯತ್ಯಾಸ." ಅಲ್ಲಿಂದ ಮುಂದಿನ ಒಂದು ಗಂಟೆಗೇ ನಾನು ಐನೂರು ಕೊಟ್ಟದ್ದು ಅಂತ ಲೆಕ್ಕ ಹಾಕಿಕೊಂಡಿದ್ದೇನೆ.

ಕಥೆ ಹೀಗೆ ಉಂಟು. ಬಾಸೆಲಿಂದ ಬರುವ ಹುಡುಗ ಒಂಟಿಯಾಗೇ ಬರ್ಬೇಕು, ಎರಡು ವರ್ಷ ಇಲ್ಲಿ ಕೆಲಸ ಮಾಡಿ ಭಾಷೆ ಕಲ್ತ ಮೇಲೆಯೇ ಮದುವೆಗೆ ಅರ್ಜಿ ಹಾಕ್ಲಿಕ್ಕೆ ಆಗುದು. ಹೌದು, ಅರ್ಜಿ. ಬಾಸೆಲಿನ ಕಮಿಟಿಗೆ. ಅವರು ಒಪ್ಪಿದ್ರೆ ಮಾತ್ರ, ಹುಡುಗಿಯನ್ನೂ ಅವರೇ ನೋಡಿ ಒಪ್ಪಬೇಕು, ಎಷ್ಟೋ ಸಲ ಹುಡುಗಿಯನ್ನು ಹುಡುಕುದೂ ಅವರೇ. ಆ ಹುಡುಗಿ ಜರ್ಮನಿಯ ಯಾವುದೋ ಹಳ್ಳಿಯಿಂದ ಒಂದು ಪತ್ರ ನೋಡಿ ಹೂಂ ಅಂದು ಹಡಗು ಹತ್ತಿ ಬರುದು, ಹುಡುಗನ ಮುಖ ನೋಡುದೇ ಬಂದರಲ್ಲಿ ಇಳಿದ ಮೇಲೆ, ಆಮೇಲೆ ಹೆಚ್ಚು ತಡ ಇಲ್ಲ, ಮದುವೆ. ಗುಂಪಲ್ಲಿದ್ದ ಒಬ್ರು ಆಂಟಿ ಕೂಡ್ಲೇ "ನಮ್ಮದೂ ಹಾಗೇ ಆದದ್ದು, ನಾನು ಬಸ್ಸಲ್ಲಿ ಬಂದೆ ಅಷ್ಟೇ" ಅಂದ್ರು. ಎಲ್ಲರೂ ನಕ್ಕದ್ದು, ಟೀಚರೂ.

ಕಿಟ್ಟೆಲ್ ಬಗ್ಗೆ ಡಿಕ್ಷನರಿ ಬಿಟ್ಟು ನನಗೆ ಎಂತದ್ದೂ ಗೊತ್ತಿರ್ಲಿಲ್ಲ. 1853ರಲ್ಲಿ ಬಂದವರು, 1860ರಲ್ಲಿ ಪೌಲಿನ್ ಐಟ್ ಅನ್ನುವವರ ಜೊತೆ ಮದುವೆ, ನಾಲ್ಕೇ ವರ್ಷ, 1864ರಲ್ಲಿ ಪೌಲಿನ್ ತೀರಿಹೋದ್ರು. ಮೂರು ವರ್ಷದ ಮೇಲೆ ಅವರ ತಂಗಿ ಜೂಲಿಯನ್ನೇ ಮದುವೆ ಆದ್ರು. ಅಕ್ಕ ಸತ್ತ ದೇಶಕ್ಕೇ ತಂಗಿ ಹೊರಟು ಬರುದು ಅಂದ್ರೆ ಎಂಥ ಗಟ್ಟಿ ಜೀವ ನೋಡಿ. ಮೊಗ್ಲಿಂಗ್ ಕಥೆಯೂ ಹಾಗೇ. ಅವರು ಬಹಳ ವರ್ಷ ಮದುವೆಯೇ ಬೇಡ ಅಂತ ಇದ್ದವರು, ಜೊತೆಗೆ ಕೆಲಸ ಮಾಡ್ತಿದ್ದ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆಯನ್ನು ಮದುವೆ ಆಗಿ ಮಕ್ಕಳನ್ನೂ ನೋಡಿಕೊಂಡ್ರು, ಕೊನೆಗೆ ಹೆಂಡ್ತಿಯ ಆರೋಗ್ಯ ಕೆಟ್ಟದ್ದಕ್ಕೇ 1860ರಲ್ಲಿ ಇಂಡಿಯಾ ಬಿಟ್ಟು ಹೋದದ್ದು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದ ಎಲ್ಲ ಅಚ್ಚು ಹಾಕಿಸಿದ ಮನುಷ್ಯ, ಖರ್ಚು ಕೊಟ್ಟದ್ದು ಕ್ಯಾಸಮೇಜರ್ ಅನ್ನುವ ರಿಟೈರ್ಡ್ ಜಡ್ಜ್. ಕ್ರೈಸ್ತ ಮಿಶನರಿ ಹರಿದಾಸರ ಪದ ಅಚ್ಚು ಹಾಕಿಸುದು ಅಂದ್ರೆ ಅದೇ ಒಂದು ಬೇರೆ ವಾಕ್‌ಗೆ ಆಗುವಷ್ಟು ಉಂಟು, ಟೀಚರ್ ಇಲ್ಲಿ ಜಾಸ್ತಿ ನಿಲ್ಲಲಿಲ್ಲ.

ಮಕ್ಕಳ ವಿಷಯ ಹೇಳುವಾಗ ಗುಂಪೇ ಸೈಲೆಂಟ್ ಆಯ್ತು. 1853ರಲ್ಲಿ ಬಾಸೆಲಿನವರು ಒಂದು ನಿಯಮ ಮಾಡಿದ್ರಂತೆ, ಶಾಲೆಗೆ ಹೋಗುವ ಪ್ರಾಯ ಆದ ಕೂಡ್ಲೇ ಮಿಶನರಿಗಳ ಮಕ್ಕಳನ್ನು ಯುರೋಪಿಗೆ ಕಳಿಸ್ಬೇಕು. ಅಲ್ಲಿ ಅವರಿಗಂತಲೇ ಮಕ್ಕಳ ಮನೆ, ಹಾಸ್ಟೆಲ್ ಅನ್ನಿ. ಹಡಗಿನ ದಾರಿ ಹತ್ತಿರ ಮಾಡಿದ ಸೂಯೆಜ್ ಕಾಲುವೆ ಆದದ್ದು 1869ರಲ್ಲಿ, ಅದಕ್ಕೆ ಮೊದಲು ಹೋದ ಮಗುವಿನ ಪತ್ರ ಬರ್ಲಿಕ್ಕೇ ತಿಂಗಳುಗಟ್ಟಲೆ. ನಿಯಮ ಬರುವ ಮೊದಲೂ ಇದು ನಡೀತಿತ್ತು. ತಲಶ್ಶೇರಿಯ ಗುಂಡರ್ಟ್, ಮಲಯಾಳಂ ನಿಘಂಟಿನವರು, ಅವರ ಮಗಳು ಮೇರಿ 1842ರಲ್ಲಿ ಅಲ್ಲೇ ಹುಟ್ಟಿದವಳು, ಸಣ್ಣ ಮಗು ಇರುವಾಗಲೇ ಯುರೋಪಲ್ಲಿ ಬಿಟ್ಟು ಬಂದ್ರು, ಅಪ್ಪ ಅಮ್ಮನ ಹತ್ರ ವಾಪಸ್ ಬಂದದ್ದು ಅವಳಿಗೆ 15 ವರ್ಷ ಪ್ರಾಯ ಆಗುವಾಗ. ಅವಳೂ ಮುಂದೆ ಮಿಶನರಿಯನ್ನೇ ಮದುವೆ ಆದ್ಲು, ಅವರು ತೀರಿದ ಮೇಲೆ ಎರಡನೇ ಮದುವೆಯೂ ಇಂಡಿಯಾದಲ್ಲಿ ಕೆಲಸ ಮಾಡಿ ಹೋದ ಮಿಶನರಿ ಜೊತೆಗೇ. ಆ ಎರಡನೇ ಮದುವೆಯ ಮಗ ಹರ್ಮನ್ ಹೆಸ್ಸೆ, ನೊಬೆಲ್ ಬಂದ ಲೇಖಕ.

ಆ ಲ್ಯಾಮಿನೇಟೆಡ್ ಫೋಟೋ ಒಂದು ನನ್ನ ಕೈಗೂ ಬಂತು. ಬಂಗ್ಲೆಯ ಜಗಲಿ, ಮೇಲೆ ಹೆಂಚು, ಕೋಟು ಹಾಕಿದ ಗಡ್ಡದ ಯಜಮಾನ, ಕುತ್ತಿಗೆವರೆಗೆ ಬಟನ್ ಹಾಕಿದ ದಪ್ಪ ಬಟ್ಟೆಯ ಹೆಂಡ್ತಿ (ಮಂಗಳೂರಿನ ಮೇ ತಿಂಗಳಲ್ಲಿ ಅದನ್ನು ಹಾಕುದು ನೆನೆಸಿಕೊಳ್ಳಿ), ಬಿಳಿ ಫ್ರಾಕಿನ ಮಕ್ಕಳು, ಒಂದು ತುದಿಯಲ್ಲಿ ನೆಲಕ್ಕೆ ಕೂತ ಆಯಾ, ಅವಳ ಮಡಿಲಲ್ಲಿ ಎಲ್ಲಕ್ಕಿಂತ ಸಣ್ಣ ಮಗು. ಫೋಟೋದ ಕೆಳಗೆ ಯಜಮಾನರ ಹೆಸರು ಉಂಟು, ಆಯಾನದ್ದು ಇಲ್ಲ. ಟೀಚರ್ ಎಂತದ್ದೂ ಭಾಷಣ ಮಾಡ್ಲಿಲ್ಲ, ಅವಳ ಮೇಲೆ ಬೆರಳಿಟ್ಟು "ಮಗುವಿಗೆ ಮಾತು ಕಲಿಸಿದ್ದು ಇವಳೇ ಇರ್ಬೇಕು" ಅಂದು ಮುಂದಿನ ಫೋಟೋ ಕೊಟ್ರು. ಇಂಥ ಹಳೇ ಫೋಟೋಗಳು ಬಾಸೆಲ್ ಮಿಶನ್ ಆರ್ಕೈವ್ಸಿನ ವೆಬ್‌ಸೈಟಲ್ಲಿ ರಾಶಿ ಉಂಟು, ಮನೆಯಲ್ಲೇ ಕೂತು ನೋಡ್ಬಹುದು.

ಮತ್ತೆ ಆ ಪ್ರಶ್ನೆ ಬಂದೇ ಬಂತು, "ಇವ್ರು ಬಂದದ್ದು ಮತಾಂತರಕ್ಕೇ ಅಲ್ವಾ?" ಅಂತ. ಇಂಥ ವಾಕ್‌ಗಳಲ್ಲಿ ಗೈಡುಗಳು ಇಲ್ಲಿಯೇ ಜಾರುದು, ಒಂದೋ ಬೈದು ಮುಗಿಸ್ತಾರೆ, ಇಲ್ಲಾಂದ್ರೆ ಹೊಗಳಿ ಮುಗಿಸ್ತಾರೆ. ಟೀಚರ್ "ಹೌದು, ಅದಕ್ಕೇ ಬಂದದ್ದು, ಮುಚ್ಚಿಡ್ಲಿಕ್ಕೆ ಎಂತ ಉಂಟು" ಅಂತ ನೇರ ಹೇಳಿ ಕೌಂಡಿನ್ಯರ ಕಥೆ ಹೇಳಿದ್ರು. ಆನಂದರಾವ್ ಕೌಂಡಿನ್ಯ, ಸಾರಸ್ವತ ಬ್ರಾಹ್ಮಣ ಮನೆಯ ಹುಡುಗ, ಮಿಶನ್ ಶಾಲೆಯಲ್ಲಿ ಕಲಿತವರು, 1844ರ ಜನವರಿಯಲ್ಲಿ ದೀಕ್ಷಾಸ್ನಾನ ತೆಗೊಂಡ್ರು, ಊರಲ್ಲಿ ಭಯಂಕರ ಗಲಾಟೆ. ಅವರ ಹೆಂಡ್ತಿ ಲಕ್ಷ್ಮಿ ಜೊತೆಗೆ ಬರ್ಲಿಲ್ಲ. ಇವರು ಬಾಸೆಲಿಗೆ ಹೋಗಿ ಓದಿ ಪಾದ್ರಿ ಆಗಿ 1851ರಲ್ಲಿ ವಾಪಸ್ ಬಂದ್ರು, ಲಕ್ಷ್ಮಿ ಬರ್ತಾಳಾ ಅಂತ ವರ್ಷಗಟ್ಟಲೆ ಕಾದ್ರು. ಕೊನೆಗೆ 1860ರಲ್ಲಿ ಮರೀ ರೈನ್‌ಹಾರ್ಟ್ ಅನ್ನುವ ಜರ್ಮನ್ ಹೆಂಗಸಿನ ಜೊತೆ ಮದುವೆ. ಆ ಕಾಲದಲ್ಲಿ ಮಂಗಳೂರಿನ ಗಂಡ, ಜರ್ಮನಿಯ ಹೆಂಡ್ತಿ! ಮಿಶನ್ ಕಮಿಟಿ, ಜಾತಿ, ಬ್ರಿಟಿಷರು, ಮೂರು ಕಡೆಯಿಂದಲೂ ಜನ ನೋಡುತ್ತಿರುವಾಗ ಅವರು ಸಂಸಾರ ಮಾಡಿದ್ದು. ಲಕ್ಷ್ಮಿ ಎಂತ ಆದ್ಲು ಅಂತ ಆಂಟಿ ಕೇಳಿದ್ರು, ಟೀಚರ್ "ಅವಳ ಮಾತು ಬರೆದಿಟ್ಟವರು ಯಾರು?" ಅಂದ್ರು ಅಷ್ಟೇ. ನನಗೆ ಇಡೀ ವಾಕಲ್ಲಿ ಮನಸ್ಸಿಗೆ ಹತ್ತಿದ್ದು ಇದು.

ಜೆಪ್ಪುವಿನ ಭಾಗ ಬೇಗ ಹೇಳ್ತೇನೆ. ಟೆಂಪೋದಲ್ಲಿ ಎಸಿ ಕೆಲಸ ಮಾಡುದಿಲ್ಲ, ಕಾರ್ಖಾನೆ ಜಾಗವನ್ನು ಹೊರಗಿಂದಲೇ ನೋಡುದು, ನೇತ್ರಾವತಿ ಹೊಳೆ ಚಂದ, ಫೋಟೋ ಬರ್ತದೆ. ಹೆಂಚಿಗೂ ಸಂಸಾರಕ್ಕೂ ಎಂತ ಸಂಬಂಧ ಅಂತ ಇಲ್ಲಿ ಗೊತ್ತಾಯ್ತು: ಕ್ರೈಸ್ತರಾದವರಿಗೆ ಮನೆ, ಗೇಣಿ ಗದ್ದೆ, ಕುಲಕಸುಬು ಎಲ್ಲ ಕೈ ಬಿಡ್ತಿತ್ತು, ಅವರಿಗೆ ಹೊಟ್ಟೆಪಾಡಿಗೆ ಒಂದು ದಾರಿ ಬೇಕಿತ್ತು, ಅದಕ್ಕೇ ಮೊದಲು ಪ್ರೆಸ್, ಮಗ್ಗ, ಆಮೇಲೆ ಹೆಂಚು. ಟೀಚರ್ ಚೀಲದಿಂದ ಒಂದು ಹಳೇ ಹೆಂಚು ತೆಗೆದು ಅಡಿ ಮೇಲೆ ಮಾಡಿ ಕೈಗೆ ಕೊಟ್ರು, ಬಾಸೆಲ್ ಮಿಶನ್ ಅಂತ ಇಂಗ್ಲಿಷಲ್ಲಿ ಒತ್ತಿದ ಅಕ್ಷರ, ಒಂದು ಮೂಲೆ ಒಡೆದಿದೆ, ಬೆರಳಿಗೆಲ್ಲ ಕೆಂಪು ಹುಡಿ. ಇಷ್ಟು ಹೊತ್ತು ಅದನ್ನು ಹೆಗಲಲ್ಲಿ ಹೊತ್ತುಕೊಂಡು ಗುಡ್ಡೆ ಹತ್ತಿ ಇಳಿದಿದ್ದಾರೆ ಅಂತ ಆಗ ಗೊತ್ತಾದದ್ದು, ಆ ಗೈಡ್ ಹುಡುಗನಿಗಾದ್ರೂ ಹಿಡ್ಕೊಳ್ಲಿಕ್ಕೆ ಆಗ್ತಿರ್ಲಿಲ್ವಾ!

ಮೊದಲ ಮಹಾಯುದ್ಧದ ವಿಷಯ ಮಾತ್ರ ಓಡಿಸಿಬಿಟ್ರು, ಟೈಮ್ ಆಯ್ತು ಅಂತ. 1914ರಲ್ಲಿ ಯುದ್ಧ ಶುರುವಾದದ್ದೇ ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರುಗಳಾದ್ರು, ಅಹಮದ್‌ನಗರದ ಕ್ಯಾಂಪಿಗೆ ಹಾಕಿದ್ರು, ಆಮೇಲೆ ದೇಶ ಬಿಟ್ಟು ಕಳಿಸಿದ್ರು, ಕಾರ್ಖಾನೆ ಎಲ್ಲ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಪಾಲಾಯ್ತು. ಎಂಬತ್ತು ವರ್ಷ ಕಟ್ಟಿದ್ದು ಹೀಗೆ ಕೈ ತಪ್ಪುವಾಗ ಇಲ್ಲಿಯ ಚರ್ಚಿನ ಸಭೆಗಳನ್ನು ಯಾರು ನಡೆಸಿದ್ರು, ನಮ್ಮೂರ ಪಾದ್ರಿಗಳು, ಅವರ ಹೆಂಡ್ತಿಯರು ಹೇಗೆ ಸಂಭಾಳಿಸಿದ್ರು ಅಂತ ಕೇಳ್ಬೇಕಿತ್ತು, ಅಷ್ಟರಲ್ಲಿ ಹುಡುಗರು ಜ್ಯೂಸ್ ಹಂಚ್ಲಿಕ್ಕೆ ಶುರು.

ಹೋಗುದಾದ್ರೆ ಬುಕ್ ಮಾಡುವಾಗಲೇ ಟೀಚರ್ ಬರ್ತಾರಾ ಅಂತ ಕೇಳಿ, ಇಲ್ಲಾಂದ್ರೆ ದುಡ್ಡು ದಂಡ. ಆರ್ಕೈವ್ಸ್ ನೋಡ್ಬೇಕಿದ್ರೆ ಇವರನ್ನು ನಂಬ್ಬೇಡಿ, ವಾರದ ದಿನ ಕಾಲೇಜಿಗೆ ನೀವೇ ಪತ್ರ ಬರೆದು ಕೇಳಿಕೊಂಡು ಹೋಗಿ. ಮಳೆಗಾಲದಲ್ಲಿ ಬೇಡ, ಬಲ್ಮಠ ಗುಡ್ಡೆ ಹತ್ತುವಾಗ ಜಾರ್ತದೆ. ಸಣ್ಣ ಮಕ್ಕಳಿಗೆ ಬೋರ್, ಹೈಸ್ಕೂಲಿನವರಿಗೆ ಅಡ್ಡಿಲ್ಲ. ಒಟ್ಟು ಮೂರೂವರೆ ಕೊಡ್ತೇನೆ. ಆಯೋಜಕರಿಗೆ ಮೆಸೇಜ್ ಮಾಡಿ ಭಾನುವಾರ ಬಿಟ್ಟು ಶನಿವಾರ ಇಡಿ, ತಿಂಡಿಗೆ ಬನ್ಸ್ ಕೊಡಿ ಅಂತ ಹೇಳಿದ್ದೇನೆ, ಥಂಬ್ಸ್ ಅಪ್ ಹಾಕಿದ್ದಾರೆ, ಯಾವುದಕ್ಕೆ ಹಾಕಿದ್ದು ಅಂತ ಗೊತ್ತಾಗ್ಲಿಲ್ಲ.