ಫಿಫ್ತ್ ವೀಲ್, ಟ್ರಾವೆಲ್ ಟ್ರೈಲರ್, ಮೋಟರ್‌ಹೋಮ್: ಎಳೆದು, ಓಡಿಸಿ ನೋಡಿದ ಮೇಲೆ

ಅಮೆರಿಕದಲ್ಲಿ ಆರ್‌ವಿ (ಚಕ್ರದ ಮೇಲಿನ ಮನೆ) ಕೊಳ್ಳಹೊರಟವರು ಮೊದಲು ನೋಡುವುದು ಒಳಗಿನ ಸೋಫಾ, ಅಡುಗೆಮನೆ. ಮೋಟರ್‌ಹೋಮ್ ತಾನೇ ಓಡುತ್ತದೆ, ಉಳಿದೆರಡನ್ನು ಪಿಕಪ್ ಎಳೆಯಬೇಕು. ನೋಡಬೇಕಾದದ್ದು ಟ್ರೈಲರಿನ ಭಾರ ಪಿಕಪ್‌ನ ಯಾವ ಜಾಗದಲ್ಲಿ ಕೂರುತ್ತದೆ ಎಂಬುದನ್ನು.

ಟ್ರಾವೆಲ್ ಟ್ರೈಲರ್ ಕೂರುವುದು ಬಂಪರಿನಾಚೆಯ ಬಾಲ್ ಹಿಚ್ (ಗುಂಡು ತಲೆಯ ಕೊಂಡಿ) ಮೇಲೆ, ಅಂದರೆ ಹಿಂದಿನ ಆಕ್ಸಲ್‌ನಿಂದ ನಾಲ್ಕೈದು ಅಡಿ ದೂರದಲ್ಲಿ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದರೆ ಅದರ ಗಾಳಿಗೆ ಟ್ರೈಲರ್ ತೂಗುತ್ತದೆ. ಆ ನಾಲ್ಕೈದು ಅಡಿ ಸನ್ನೆಗೋಲಾಗಿ ಪಿಕಪ್‌ನ ಹಿಂಭಾಗವನ್ನೂ ಆಡಿಸುತ್ತದೆ. ಟ್ರೈಲರ್ ತೂಕದ ಶೇ. 10ರಿಂದ 15 ಹಿಚ್ ಮೇಲೆ ಇರಲೇಬೇಕು. ಸಾಮಾನೆಲ್ಲ ಹಿಂದಕ್ಕೆ ತುಂಬಿ ಅದು ಶೇ. 10ಕ್ಕಿಂತ ಇಳಿದರೆ ತೂಗಾಟ ಖಂಡಿತ. ಆಗ ಕಾಲಿನ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು, ಟ್ರೈಲರ್ ಬ್ರೇಕಿನ ಕೈಲಿವರ್ ಮಾತ್ರ ಒತ್ತಿ.

ಫಿಫ್ತ್ ವೀಲ್‌ಗೆ ಈ ಕಾಟವಿಲ್ಲವೆಂದರೂ ಸರಿ. ಅದರ ಕಿಂಗ್‌ಪಿನ್ (ಮೂಗಿನ ಕೆಳಗಿನ ಉಕ್ಕಿನ ಗೂಟ) ಪಿಕಪ್‌ನ ಬೆಡ್‌ನಲ್ಲಿ (ಹಿಂದಿನ ತೆರೆದ ತೊಟ್ಟಿಯಲ್ಲಿ), ಆಕ್ಸಲ್‌ನ ನೇರಕ್ಕೆ ಅಥವಾ ತುಸು ಮುಂದೆ ಕೂರುತ್ತದೆ. ನಮ್ಮ ಹೆದ್ದಾರಿಗಳ ಕಂಟೈನರ್ ಲಾರಿಗಳದ್ದೂ ಇದೇ ಜೋಡಣೆ. ಗಾಳಿ ಬೀಸುವ ಬಯಲಿನಲ್ಲಿ ಎರಡನ್ನೂ ಎಳೆದವರಿಗೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಆದರೆ ತಿರುವಿನಲ್ಲಿ ಇದರ ಚಕ್ರಗಳು ಹೆಚ್ಚು ಒಳಕ್ಕೆ ಬರುತ್ತವೆ. ಪೆಟ್ರೋಲ್ ಬಂಕಿನಿಂದ ಹೊರಡುವಾಗ ಅಗಲವಾಗಿ ತಿರುಗದಿದ್ದರೆ ಪಂಪಿನ ಕಾವಲು ಕಂಬಕ್ಕೆ ಟ್ರೈಲರಿನ ಮೈ ಉಜ್ಜುತ್ತದೆ.

ಇದಕ್ಕೆ ತೆರುವ ಬೆಲೆ ಪೇಲೋಡ್, ಅಂದರೆ ಪಿಕಪ್ ತನ್ನ ಮೇಲೆ ಹೊರಬಲ್ಲ ಭಾರ. 12,000 ಪೌಂಡಿನ ಫಿಫ್ತ್ ವೀಲ್ ಅದರ ಶೇ. 20ರಷ್ಟನ್ನು, ಅಂದರೆ 2,400 ಪೌಂಡನ್ನು, ಪಿಕಪ್ ಮೇಲೆ ಹೇರುತ್ತದೆ. ಹಿಚ್‌ಗೆ 150, ನಾಲ್ಕು ಜನ ಮತ್ತು ಗಂಟುಮೂಟೆಗೆ 600 ಸೇರಿಸಿದರೆ 3,150. ಈಗ ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿ ನೋಡಿ: ಹಾಫ್ ಟನ್ ಪಿಕಪ್‌ಗಳಲ್ಲಿ (ಹಾಫ್, ತ್ರೀ ಕ್ವಾರ್ಟರ್, ಒನ್ ಟನ್ ಎನ್ನುವುದು ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ) ಸಾಮಾನ್ಯವಾಗಿ 1,500ರಿಂದ 2,000. ಮಾರುವವರು ಹೇಳುವುದು ಎಳೆಯುವ ಸಾಮರ್ಥ್ಯವನ್ನು. ಅದಕ್ಕಿಂತ ಬಹಳ ಮೊದಲೇ ಹೊರುವ ಸಾಮರ್ಥ್ಯ ಮುಗಿದಿರುತ್ತದೆ. ತ್ರೀ ಕ್ವಾರ್ಟರ್ ಟನ್ ಡೀಸೆಲ್‌ನಲ್ಲೂ ಎಂಜಿನ್ನಿನ ತೂಕವೇ ಪೇಲೋಡನ್ನು ತಿಂದುಹಾಕಿರುತ್ತದೆ. ಈ ಗಾತ್ರಕ್ಕೆ ಒನ್ ಟನ್ ಪಿಕಪ್ಪೇ ಬೇಕು. ಬ್ರೋಷರಿನ ಪಿನ್ ತೂಕ ಖಾಲಿ ಟ್ರೈಲರಿನದು ಎಂಬುದು ನೆನಪಿರಲಿ. ಮುಂದಿನ ದೊಡ್ಡ ಗೂಡಿನಲ್ಲಿ ತುಂಬಿದ್ದರ ಬಹುಪಾಲು ಪಿನ್ ಮೇಲೇ ಬೀಳುತ್ತದೆ. ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ನಲ್ಲಿ ಒಮ್ಮೆ ತೂಗಿಸಿದರೆ ವಾದವೇ ಉಳಿಯದು.

ಬೆಡ್ ಗಿಡ್ಡವಿದ್ದರೆ, ಅಂದರೆ ಆರೂವರೆ ಅಡಿ ಅಥವಾ ಕಡಿಮೆಯಿದ್ದರೆ, ಬಿಗಿ ತಿರುವಿನಲ್ಲಿ ಟ್ರೈಲರಿನ ಮೂಗು ಕ್ಯಾಬಿನ ಹಿಂಗಾಜಿಗೆ ಬಡಿಯಬಹುದು. ತಿರುವಿನಲ್ಲಿ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಹಾಕಿಸಿಕೊಳ್ಳುವುದೇ ಒಳ್ಳೆಯದು.

ಜೋಡಿಸುವಾಗ ಪಿನ್‌ನ ತಟ್ಟೆ ಹಿಚ್‌ನ ತಟ್ಟೆಗಿಂತ ಕೂದಲೆಳೆ ಕೆಳಗಿರಲಿ, ಹಿಂದೆ ಬಂದಂತೆ ಹಿಚ್ ಅದನ್ನು ಎತ್ತಿಕೊಳ್ಳಬೇಕು. ಎತ್ತರವಾದರೆ ಪಿನ್ ತನ್ನನ್ನು ಕಚ್ಚಿಹಿಡಿಯಬೇಕಾದ ಹಿಚ್‌ನ ದವಡೆಯ ಮೇಲೆ ಕೂತು, ದವಡೆ ಮುಚ್ಚಿದಂತೆ ಕಾಣುತ್ತದೆ. ಹೊರಟೊಡನೆ ಟ್ರೈಲರ್ ಜಾರಿ ಬೆಡ್‌ನ ಅಂಚಿನ ಮೇಲೆ ಕುಸಿಯುತ್ತದೆ. ಹಾಗಾಗಿ ಟ್ರೈಲರಿನ ಮುಂಗಾಲುಗಳು ನೆಲ ಮುಟ್ಟಿರುವಾಗಲೇ, ಟ್ರೈಲರ್ ಬ್ರೇಕ್ ಹಿಡಿದು, ಪಿಕಪ್ಪನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಟಾರ್ಚ್ ಹಿಡಿದು ದವಡೆಯನ್ನೂ ನೋಡಿ.

ಎತ್ತರ ಇನ್ನೊಂದು ತಲೆನೋವು. ದೊಡ್ಡ ಫಿಫ್ತ್ ವೀಲ್‌ಗಳು 13 ಅಡಿ ಮುಟ್ಟುತ್ತವೆ. ಲಾರಿಗಳ ತಲೆ ಸವರುವುದಕ್ಕೇ ಹೆಸರಾದ, ನಾರ್ತ್ ಕ್ಯಾರೊಲಿನಾದ ಡರ್ಹಮ್‌ನ ರೈಲುಸೇತುವೆ 2019ರಲ್ಲಿ ಎತ್ತರಿಸಿದ ಮೇಲೂ 12 ಅಡಿ 4 ಇಂಚು.

ಮೋಟರ್‌ಹೋಮ್‌ನಲ್ಲಿ ಜೋಡಿಸುವ ರಗಳೆಯಿಲ್ಲ, ಮಳೆಯಲ್ಲಿ ಇಳಿಯಬೇಕಿಲ್ಲ. ಆದರೆ ಎಂಜಿನ್ ಕೆಟ್ಟರೆ ಮನೆಯೇ ಗ್ಯಾರೇಜಿಗೆ. ಬೀಡುಬಿಟ್ಟ ಮೇಲೆ ಹಾಲು ತರಲೂ ಇಡೀ ಮನೆಯನ್ನೇ ಹೊರಡಿಸಬೇಕು, ಇಲ್ಲವೇ ಹಿಂದೊಂದು ಕಾರು ಎಳೆದುತರಬೇಕು. ಗ್ಲೇಷಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆಯ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನ ಬಿಡುವುದಿಲ್ಲ. ಟ್ರೈಲರ್ ಕಳಚಿಟ್ಟು ಹೋಗೋಣವೆಂದರೆ 8 ಅಡಿ ಬೆಡ್‌ನ ಕ್ರೂ ಕ್ಯಾಬ್ (ನಾಲ್ಕು ಬಾಗಿಲಿನ) ಪಿಕಪ್ಪೇ ಆ ಉದ್ದ ಮೀರುತ್ತದೆ, ಟೋ ಮಿರರ್‌ಗಳು ಅಗಲ ಮೀರುತ್ತವೆ. ಅಲ್ಲಿ ಗೆಲ್ಲುವುದು ಪುಟ್ಟ ಕಾರು ಎಳೆದುತಂದ ಮೋಟರ್‌ಹೋಮ್.

ತಿಂಗಳುಗಟ್ಟಲೆ ಇರುವವರಿಗೆ, ಒನ್ ಟನ್ ಪಿಕಪ್ ಇದ್ದರೆ, ನಮ್ಮ ಮತ ಫಿಫ್ತ್ ವೀಲ್‌ಗೆ. ದಿನಕ್ಕೊಂದು ಊರು ಅನ್ನುವವರಿಗೆ ಮೋಟರ್‌ಹೋಮ್. ಇರುವ ಹಾಫ್ ಟನ್ ಮಾರಲು ಮನಸ್ಸಿಲ್ಲದಿದ್ದರೆ, ಸಾಮಾನು ತುಂಬಿದ ಮೇಲೆ 7,000 ಪೌಂಡ್ ಮೀರದ ಟ್ರಾವೆಲ್ ಟ್ರೈಲರ್ ಮತ್ತು ತೂಗಾಟ ತಡೆಯುವ ಒಳ್ಳೆಯ ವೆಯ್ಟ್ ಡಿಸ್ಟ್ರಿಬ್ಯೂಷನ್ (ಭಾರವನ್ನು ಆಕ್ಸಲ್‌ಗಳಿಗೆಲ್ಲ ಹಂಚುವ) ಹಿಚ್ ಸಾಕು. ಅಲ್ಲಿಯೂ ಬಾಗಿಲಿನ ಚೀಟಿಯಲ್ಲಿ ಕನಿಷ್ಠ 1,600 ಇರಲಿ: ಹಿಚ್ ಮೇಲಿನ ಭಾರ 900, ಹಿಚ್‌ನದೇ 100, ಜನ ಮತ್ತು ಸಾಮಾನು 600.