ಮಡಿಕೇರಿಯ ಭಾನುವಾರದ ಬೀಥೋವನ್ ಕ್ಲಾಸು: ಎಂಟು ವಾರ ಹೋಗಿ ಬಂದೆ

ವಿರಾಜಪೇಟೆಯಿಂದ ಎಂಟು ಭಾನುವಾರ ಬಸ್ ಹಿಡಿದು ಮಡಿಕೇರಿಗೆ ಹೋದೆ, ಅದೂ ಜುಲೈ, ಆಗಸ್ಟ್ ಮಳೆಯಲ್ಲಿ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆ ಮಹಡಿಯಲ್ಲಿ ಬೀಥೋವನ್‌ನ ಕೊನೆಯ ಕ್ವಾರ್ಟೆಟ್‌ಗಳನ್ನು (ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಸೇರಿ ನುಡಿಸುವ ಕೃತಿಗಳು) ಕೇಳಿಸಿ ಪಾಠ ಮಾಡುತ್ತಾರೆ. ಫೀಸು 2,000 ರೂಪಾಯಿ, ಪ್ರಿಂಟ್ ಹಾಕಿಸಿದ ಸ್ವರಲಿಪಿಯೂ ಸೇರಿ. ನನಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಬರುವುದಿಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತದ್ದಷ್ಟೇ. ಅಷ್ಟು ಸಾಕು ಅಂದರು, ನಿಜಕ್ಕೂ ಸಾಕಾಯಿತು.

ಐದು ಕ್ವಾರ್ಟೆಟ್‌ಗಳನ್ನೂ ಎಂಟು ವಾರದಲ್ಲಿ ಮುಗಿಸುತ್ತಾರೆ ಅಂದುಕೊಂಡು ಹೋಗಬೇಡಿ. ಓಪಸ್ 132ರ (ಓಪಸ್ ಅಂದರೆ ಕೃತಿಯ ಸಂಖ್ಯೆ) ಮೂರನೇ ಭಾಗ ಒಂದಕ್ಕೇ ಮೇಷ್ಟ್ರು ಮೂರು ವಾರ ಕೊಟ್ಟರು. ಕೊಟ್ಟ ದುಡ್ಡು ವಸೂಲಾದದ್ದು ಅಲ್ಲೇ. 1825ರ ಏಪ್ರಿಲ್‌ನಲ್ಲಿ ಬೀಥೋವನ್‌ಗೆ ಕರುಳಿನ ಕಾಯಿಲೆ ಜೋರಾಗಿತ್ತು. ವೈನ್ ಬೇಡ, ಕಾಫಿ ಬೇಡ, ಮಸಾಲೆ ಬೇಡ ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. (ಕಾಫಿ ಬೇಡ ಅಂದಾಗ ಎಲ್ಲರೂ ಅಯ್ಯೋ ಅಂದೆವು, ಇದ್ದವರೆಲ್ಲ ತೋಟದವರೇ.) ಚೇತರಿಸಿಕೊಂಡು ದೇವರಿಗೆ ಕೃತಜ್ಞತೆ ಅಂತ ಬರೆದದ್ದು ಈ ಭಾಗ. ಹಳೆಯ ಚರ್ಚ್ ಸಂಗೀತದ ಲಿಡಿಯನ್ ಅನ್ನುವ ಸ್ವರಶ್ರೇಣಿಯಲ್ಲಿದೆ. ಮೇಷ್ಟ್ರು ಹಾರ್ಮೋನಿಯಂ ತಂದಿಟ್ಟು, ನಾಲ್ಕನೇ ಬಿಳಿ ಮನೆಯನ್ನು ಷಡ್ಜ, ಅಂದರೆ ಸ, ಮಾಡಿಕೊಂಡು, ಕರಿ ಮನೆ ಮುಟ್ಟದೆ ಬರೀ ಬಿಳಿ ಮನೆಗಳನ್ನೇ ಒತ್ತುತ್ತಾ ಹೋದರು. ನೋಡಿದರೆ ನಮ್ಮ ಕಲ್ಯಾಣಿ ರಾಗ! ಅದೇ ಏರಿಸಿದ ಮ, ಪ್ರತಿ ಮಧ್ಯಮ. "ಸ್ವರ ಮಾತ್ರ ಅವೇ, ರಾಗ ಅಲ್ಲ ನೋಡಿ" ಅಂತ ತಕ್ಷಣ ಹೇಳಿದರು. ನಿಜ, ಗಮಕ ಇಲ್ಲ, ನಾಲ್ಕು ವಾದ್ಯಗಳು ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ನಡೆಯುತ್ತವೆ. ಆದರೆ ಅವತ್ತಿನಿಂದ ನನಗೆ ಅದು ಪರಕೀಯ ಅನ್ನಿಸಲಿಲ್ಲ.

ಆ ನಿಧಾನದ ಪ್ರಾರ್ಥನೆ ಮೂರು ಸಲ ಬರುತ್ತದೆ, ಸಲಸಲಕ್ಕೂ ಬದಲಾಗುತ್ತಾ. ನಡುವೆ ಎರಡು ಸಲ ಚುರುಕಾದ ಒಂದು ತುಂಡು, 'ಹೊಸ ಶಕ್ತಿ ಬಂದಂತೆ' ಅಂತ ಅವನೇ ಬರೆದಿಟ್ಟದ್ದು. ಕಳೆದ ವರ್ಷ ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಗೋಡೆ ಹಿಡಿಯದೆ ಅಂಗಳದವರೆಗೆ ನಡೆದದ್ದು ನೆನಪಾಗಿ ಕಣ್ಣು ತುಂಬಿತು. ಬರೆದವನಿಗೆ ಕಿವಿ ಹೆಚ್ಚುಕಡಿಮೆ ಕೇಳುತ್ತಲೇ ಇರಲಿಲ್ಲ. ಮನೆಗೆ ಬಂದವರು ಹೇಳಬೇಕಾದ್ದನ್ನು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಆಗ ಇಲ್ಲಿ ಕೊಡಗಿನಲ್ಲಿ ಚಿಕ್ಕವೀರರಾಜೇಂದ್ರನ ಆಳ್ವಿಕೆ, ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಕಟ್ಟಿ ಬರೀ ಐದು ವರ್ಷ.

ಓಪಸ್ 131ಕ್ಕೆ ಎರಡು ವಾರ. ಏಳು ಭಾಗ, ನಡುವೆ ನಿಲ್ಲುವುದೇ ಇಲ್ಲ, ಸುಮಾರು 40 ನಿಮಿಷ. ಶುರುವಿನಲ್ಲಿ ಒಂದು ಪಿಟೀಲು ಎತ್ತಿದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ, ಆಮೇಲೆ ವಯೋಲಾ, ಆಮೇಲೆ ಚೆಲ್ಲೊ. ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ನಾಲ್ಕು ಜನ ದುಡಿ ಬಾರಿಸುತ್ತಾ ಹಾಡುತ್ತಾರಲ್ಲ, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಹಿಡಿಯುತ್ತಾರಲ್ಲ, ಹಾಗೆ ಕೇಳಿ ಅಂದರು ಪಕ್ಕದಲ್ಲಿದ್ದ ಹಿರಿಯರು. ಹಾಗೆ ಕೇಳಿದ ಮೇಲೆ ನಾಲ್ಕು ದನಿಗಳೂ ಬಿಡಿಬಿಡಿಯಾಗಿ ಸಿಕ್ಕವು.

ಬೇಜಾರಾದದ್ದೂ ಇದೆ. ಮಹಡಿಗೆ ಶೀಟಿನ ಮಾಡು. ಮಳೆ ಬಿರುಸಾದರೆ ಚೆಲ್ಲೊ ಕೇಳಿಸುವುದೇ ಇಲ್ಲ, ಸ್ಪೀಕರ್ ಚಿಕ್ಕದು. ಒಂದು ವಾರ ಕರೆಂಟ್ ಹೋಗಿ 131 ನಾಲ್ಕನೇ ಭಾಗದಲ್ಲೇ ನಿಂತಿತು, ಮತ್ತೆ ಮೊದಲಿಂದ ಹಾಕಲು ಹೊತ್ತಿರಲಿಲ್ಲ. ಅದಕ್ಕಿಂತ ಜಾಸ್ತಿ ಬೇಸರ 'ಗ್ರೋಸ ಫ್ಯೂಗ' (ದೊಡ್ಡ ಫ್ಯೂಗ್) ಅನ್ನುವ ಭಾಗದ್ದು. ಓಪಸ್ 130ರ ಕೊನೆಗೆ ಬರೆದದ್ದು, ಕೇಳುವವರಿಗೆ ತೀರಾ ಕಷ್ಟವಾಯಿತು ಅಂತ ಪ್ರಕಾಶಕರು ಹೇಳಿದ ಮೇಲೆ ಬೀಥೋವನ್ ಅದನ್ನು ಬೇರೆ ಮಾಡಿ, 1826ರಲ್ಲಿ ಹೊಸ ಕೊನೆ ಬರೆದುಕೊಟ್ಟ. 130ನ್ನು ಹಳೆಯ ಕೊನೆಯ ಜೊತೆ ಕೇಳಬೇಕೋ ಹೊಸದರ ಜೊತೆಯೋ ಅನ್ನುವುದಕ್ಕೇ ಒಂದು ಪೂರ್ತಿ ಭಾನುವಾರ ಬೇಕಿತ್ತು ಅಲ್ವಾ? ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಇದನ್ನು ಮೇಷ್ಟ್ರಿಗೂ ಹೇಳಿದ್ದೇನೆ.

ಹೋಗುವವರು ಮಳೆಗಾಲದ ಬ್ಯಾಚ್ ಬಿಡಿ. ಮುಂದಿನದು ಹುತ್ತರಿ ಕಳೆದ ಮೇಲೆ, ಕೊನೆಯ ಮೂರು ಪಿಯಾನೊ ಸೊನಾಟಾಗಳು: ಓಪಸ್ 109, 110, 111. ಆಗ ಅರೇಬಿಕಾ ಕಾಫಿ ಕೊಯ್ಲಿನ ಸಮಯ, ಭಾನುವಾರವೂ ಆಳುಗಳ ಜೊತೆ ತೋಟದಲ್ಲಿರಬೇಕಾಗುತ್ತದೆ. ತಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಮಧ್ಯಾಹ್ನದ ಮೇಲೆ ಅವನೇ ನೋಡಿಕೊಳ್ಳುತ್ತಾನಂತೆ.